ಜಂತೆಯ ಮೇಲಿನ ನೆರೆಹೊರೆ

ಪರಿಸರವೆಂದೊಡನೆ ವಿದ್ಯಾರ್ಥಿಗಳ ಮನಸ್ಸು ದಟ್ಟಡವಿಯತ್ತ, ಹುಲಿ ಆನೆಗಳತ್ತ ಹರಿಯುತ್ತದೆ. ಹುಮನಾಬಾದ ತಾಲ್ಲೂಕಿನ ದುಬಲಗುಂಡಿಯ ಸುತ್ತ ಅಂಥ ಅಡವಿಯಿಲ್ಲ. ತೊಗರಿ, ಜೋಳದ ಹೊಲಗಳ ಸೀಮೆ ಅದು. ಹಾಗೆಂದು ಅಲ್ಲಿಯ ಮಕ್ಕಳಿಗೆ ಪ್ರಾಣಿಲೋಕದ ಪಾಠ ತಪ್ಪಬೇಕಿಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಅರ್ಧ ದಿನ ಸುಮ್ಮನೆ ಕುಳಿತವರಿಗೆ ನೋಡಿ ನಗುವಷ್ಟೂ, ನೋಡಿ ಕಲಿಯುವಷ್ಟೂ ಸಿಗುತ್ತದೆ. ಗುಡ್ಡದೂರುಗಳ ಹೆಂಚಿನ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಗಂಡುಗುಬ್ಬಿಯನ್ನೇ ನೋಡಿ. ಗೂಡು ಕಟ್ಟುವ ಕಾಲ ಬಂದಿತೆಂದರೆ ಗೋಡೆಯ ಕನ್ನಡಿಯಲ್ಲೋ, ಅಂಗಳದಲ್ಲಿ ನಿಲ್ಲಿಸಿದ ಮೋಟರ್ ಸೈಕಲ್ಲಿನ ಕನ್ನಡಿಯಲ್ಲೋ ಕಾಣುವ ತನ್ನದೇ ಬಿಂಬವನ್ನು ಎದುರಾಳಿಯೆಂದು ಬಗೆದು ಬಿಡದೆ ಕುಕ್ಕುತ್ತದೆ. ಮನೆಯವರು ಕನ್ನಡಿಗೆ ಬಟ್ಟೆ ಹೊದಿಸಿದ ಮೇಲೆಯೇ ಕದನವಿರಾಮ. ಹಲ್ಲಿಯದು ಬೇರೆ ಬಗೆಯ ಜಾಣತನ. ಬೆಕ್ಕು ಮೇಲೆರಗಿದಾಗ ಬಾಲವನ್ನು ಕಳಚಿಟ್ಟು ಓಡುತ್ತದೆ. ಮಿಡುಕುವ ಬಾಲವನ್ನು ಪಂಜದಡಿ ಒತ್ತಿ ಬೆಕ್ಕು ಗೆದ್ದೆನೆಂದು ಕುಳಿತಿರುವಾಗ ಹಲ್ಲಿ ಜಂತೆ ಸೇರಿರುತ್ತದೆ. ಹಿರಿಯರು ಮಾತನಾಡುವಾಗ ಅದೇ ಹಲ್ಲಿ ಲೊಚಗುಟ್ಟಿದರೆ, ಆಡಿದ ಮಾತು ನಿಜವೆಂದು ಬೆರಳಿನಿಂದ ನೆಲ ಕುಟ್ಟುವುದುಂಟು. ಹಲ್ಲಿಗೆ ನಮ್ಮ ಮನೆವಾರ್ತೆಯ ಗೊಡವೆಯಿಲ್ಲ. ಅದು ದನಿಗೈಯುವುದು ಇನ್ನೊಂದು ಹಲ್ಲಿ ಕೇಳಲೆಂದು.

ಬಾಗಿಲ ಸಂದಿಯಲ್ಲಿ ಹಸಿಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿನ ಕಥೆ ಇನ್ನೂ ದೊಡ್ಡದು. ಅದು ಹುಳುವನ್ನು ಹೊತ್ತು ತಂದು ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಬಳಿಕ ಅದೇ ಗೂಡಿನಿಂದ ರೆಕ್ಕೆಯ ಹುಳು ಹೊರಬರುತ್ತದೆ. ಇದನ್ನು ಕಂಡ ಹಿಂದಿನವರು, ಗುಂಯ್ಗುಡುವ ದನಿಯನ್ನು ಕೇಳಿ ಕೇಳಿ ಕೀಟವೇ ಭ್ರಮರವಾಯಿತೆಂದು ಭಾವಿಸಿದರು. ‘ಕೀಟ ಭ್ರಮರ ನ್ಯಾಯ’ ಹುಟ್ಟಿದ್ದು ಹೀಗೆ. ಗುರುವಿನ ಸಂಗದಲ್ಲಿ ಶಿಷ್ಯ ಗುರುವೇ ಆಗುವುದಕ್ಕೆ ಅದು ನಮ್ಮ ಅನುಭಾವ ಪರಂಪರೆಯ ಪ್ರಸಿದ್ಧ ದೃಷ್ಟಾಂತ. ದೃಷ್ಟಾಂತದ ಸೊಗಸಿಗೆ ಕುಂದಿಲ್ಲ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ತಾಯಿಹುಳು ಕಂಬಳಿಹುಳುವನ್ನೋ ಜೇಡವನ್ನೋ ಕುಟುಕಿ, ಕೊಲ್ಲದೆ, ಅಲುಗದಂತೆ ಮಾಡಿ ತಂದಿಟ್ಟು ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಗೆ ಅದೇ ಕೆಡದ ಬುತ್ತಿ. ಹಿರಿಯರ ಕಣ್ಣು ಕಂಡದ್ದು ಸರಿ. ಕಾಣದ ಭಾಗವನ್ನು ಊಹೆ ತುಂಬಿತು.

ಈ ಭೇದ ಇಂದಿಗೂ ಬೇಕು. ಗುಬ್ಬಿಗಳು ಮರೆಯಾದವು, ಮೊಬೈಲ್ ಗೋಪುರಗಳೇ ಅದಕ್ಕೆ ಕಾರಣವೆಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು, ದೇಶದಲ್ಲಿ ಒಟ್ಟಾರೆಯಾಗಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ, ದೊಡ್ಡ ನಗರಗಳಲ್ಲಿ ಕುಗ್ಗಿದೆಯೆಂದೂ ತಿಳಿಸಿತು. ಗೋಪುರಗಳ ಮೇಲಿನ ಆರೋಪಕ್ಕೆ ಸಾಕಷ್ಟು ಆಧಾರ ಅದಕ್ಕೆ ದೊರೆಯಲಿಲ್ಲ. ಆ ವರದಿಗೆ ಬುನಾದಿ 15,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಒಂದು ಕೋಟಿಗೂ ಮಿಕ್ಕ ದಾಖಲೆಗಳು. ದೇಶದ ಲೆಕ್ಕ ಹೀಗಿದ್ದರೂ ಒಂದೊಂದು ಓಣಿಯ ಲೆಕ್ಕ ಬೇರೆಯಿರಬಹುದು. ಅದನ್ನು ಹೇಳಬಲ್ಲವರು ಆ ಓಣಿಯವರೇ, ಬರೆದಿಟ್ಟಿದ್ದರೆ ಮಾತ್ರ.

ಕಣ್ಣೆದುರು ನಡೆಯುತ್ತಿರುವ ಬದಲಾವಣೆಯಂತೂ ಸ್ಪಷ್ಟ. ತೊಲೆ ಜಂತೆಗಳಿದ್ದ ಮಾಳಿಗೆ ಹೋಗಿ ಸಿಮೆಂಟಿನ ಛಾವಣಿ ಬಂದಲ್ಲಿ ಗುಬ್ಬಿಗೆ ಗೂಡಿಡುವ ಸಂದಿಯಿಲ್ಲ. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಉಣಿಸುವುದು ಹುಳುಹುಪ್ಪಟೆಗಳನ್ನೇ. ಹಿತ್ತಿಲಿಗೂ ಕೀಟನಾಶಕ ಸಿಂಪಡಿಸಿದಲ್ಲಿ ಆ ಊಟವೂ ಇಲ್ಲ. ಗಟ್ಟಿ ಮನೆಯನ್ನು ಬಯಸುವುದು ತಪ್ಪಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕಷ್ಟ ಅದರಡಿ ಬಾಳಿದವರಿಗೇ ಗೊತ್ತು. ಆದರೆ ಹೊಸ ಗೋಡೆಯಲ್ಲಿ ಒಂದು ಗೂಡುಮಾಡವನ್ನು ಉಳಿಸಿದರೆ ಮನೆಯ ಗಟ್ಟಿತನಕ್ಕೆ ಕೊರತೆಯಾಗದು.

ಮನೆಯಂಗಳದ ನೋಟ ಕ್ಷುಲ್ಲಕವೆನ್ನುವವರು ಸಲೀಂ ಅಲಿಯವರ ಬಾಲ್ಯವನ್ನು ನೆನೆಯಬೇಕು. ಗೂಡು ಕಾಯುತ್ತಿದ್ದ ಗಂಡುಗುಬ್ಬಿಯನ್ನು ಆ ಹುಡುಗ ಹೊಡೆದುರುಳಿಸಿದ. ಹೆಣ್ಣು ಮತ್ತೊಂದು ಗಂಡನ್ನು ಕರೆತಂದಿತು. ಏಳು ದಿನಗಳಲ್ಲಿ ಎಂಟು ಗಂಡುಗಳು ಹೀಗೆ ಸತ್ತವು; ಗೂಡಿನ ಕಾವಲು ಮಾತ್ರ ತೆರವಾಗಲಿಲ್ಲ. ಗುರಿಕಾರಿಕೆಯ ಹೆಮ್ಮೆಗೆಂದು ಬರೆದಿಟ್ಟ ಆ ಟಿಪ್ಪಣಿ ದಶಕಗಳ ನಂತರ ಪ್ರಕಟವಾಗಿ, ಗುಬ್ಬಿಯ ಸಂಸಾರದ ಬಗ್ಗೆ ಅರಿವು ನೀಡಿತು. ಆ ಬಂದೂಕು ನಮಗೆ ಬೇಡ, ಪುಸ್ತಕವೊಂದು ಸಾಕು.

ವಿದ್ಯಾರ್ಥಿ ಮಿತ್ರರು ಅದರಲ್ಲಿ ಮೂರು ಸಾಲು ಎಳೆದುಕೊಳ್ಳಲಿ: ದಿನಾಂಕ, ಕಂಡದ್ದು, ಊಹಿಸಿದ್ದು. ಎರಡನೆಯದನ್ನೂ ಮೂರನೆಯದನ್ನೂ ಎಂದಿಗೂ ಬೆರೆಸದಿರಲಿ. ಗುಬ್ಬಿ ಯಾವಾಗ ಹುಲ್ಲು ಕಚ್ಚಿ ತಂದಿತು, ಎಷ್ಟು ಮರಿಗಳು ಹಾರಿದವು, ಕುಂಬಾರ ಹುಳು ಎಷ್ಟು ಗೂಡು ಮೆತ್ತಿತು ಎಂಬುದನ್ನು ಅಜ್ಜ ಅಜ್ಜಿಯರನ್ನೂ ಕೇಳಿ ಬರೆಯಲಿ. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ; ಶಾಲೆಗಳು ಅಂದು ಭಾಷಣಕ್ಕಿಂತ ಊರಿನ ಗೂಡುಗಳ ಎಣಿಕೆಯನ್ನು ಇಟ್ಟುಕೊಂಡರೆ ಲೇಸು. ವರ್ಷ ವರ್ಷವೂ ಎಣಿಸಿದ ಊರಿಗೆ ತನ್ನ ನೆರೆಹೊರೆಯಿಂದ ಯಾರು ಹೊರಟುಹೋದರೆಂಬುದು ಹೊತ್ತು ಮೀರುವ ಮೊದಲೇ ತಿಳಿಯುತ್ತದೆ.