ಹದಿನೆಂಟು ವರ್ಷದ 'ಹಿರಿಯ'ನೂ, ಹಬ್ಬದ ಊಟವೂ

ಬೆಂಗಳೂರಿನ ಬೀದಿಗಳಲ್ಲಿ ಒಮ್ಮೊಮ್ಮೆ ಇಂಥದೊಂದು ಜೋಡಿ ಕಣ್ಣಿಗೆ ಬೀಳುತ್ತದೆ. ಬಿಳೀ ಶರ್ಟು, ಟೈ, ಎದೆಯ ಮೇಲೆ ಕಪ್ಪು ಬ್ಯಾಡ್ಜು. ಯಾವುದೋ ಕಂಪನಿಯ ಸೇಲ್ಸ್ ಹುಡುಗರಿರಬೇಕು ಅಂದುಕೊಂಡು ನಾವು ಮುಂದೆ ಹೋಗಿಬಿಡುತ್ತೇವೆ. ಹತ್ತಿರ ಹೋಗಿ ನೋಡಿದರೆ ಬ್ಯಾಡ್ಜಿನಲ್ಲಿ ಹೆಸರಿಗೆ ಮುಂಚೆ 'ಎಲ್ಡರ್' ಅಂತ ಇರುತ್ತದೆ. ಎಲ್ಡರ್ ಅಂದರೆ ಹಿರಿಯ. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹಿರಿಯ! ನಮ್ಮೂರು ಕಿರುಗಾವಲಿನಲ್ಲಾದರೆ ಆ ವಯಸ್ಸಿನವನು ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದರೆ ಬೈಸಿಕೊಳ್ಳುವುದು ಗ್ಯಾರಂಟಿ :)

ಇವರು ಮಾರ್ಮನ್ ಪಂಥದ ಪ್ರಚಾರಕರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಶುರು ಮಾಡಿದ ಚರ್ಚು ಇವರದು. ಈಗಿನ ಕೇಂದ್ರ ಸಾಲ್ಟ್ ಲೇಕ್ ಸಿಟಿ. ನಮ್ಮನ್ನು 'ಮಾರ್ಮನ್' ಅನ್ನಬೇಡಿ, ಪೂರ್ತಿ ಹೆಸರಿನಿಂದ ಕರೆಯಿರಿ ಅಂತ ಚರ್ಚಿನವರೇ 2018ರಲ್ಲಿ ಕೇಳಿಕೊಂಡರು, ಆದರೆ ಜನರ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಭಾರತಕ್ಕೆ ಇವರೇನೂ ಹೊಸಬರಲ್ಲ. 1853ರಲ್ಲೇ ಹದಿಮೂರು ಮಂದಿ ಹಡಗು ಹತ್ತಿ ಕಲ್ಕತ್ತೆಗೆ ಬಂದಿದ್ದರು. ಬೆಂಗಳೂರಿನಲ್ಲಿ ಇವರ ಮಿಷನ್ ಶುರುವಾದದ್ದು 1993ರಲ್ಲಿ. ಭಾರತದ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲೇ ಕಟ್ಟುತ್ತೇವೆ ಅಂತ 2018ರ ಏಪ್ರಿಲ್‌ನಲ್ಲಿ ಘೋಷಿಸಿದರು.

ಈ ಹುಡುಗರ ದಿನಚರಿ ಕೇಳಿದರೆ ನಮ್ಮ ಹಾಸ್ಟೆಲ್ ವಾರ್ಡನ್ನುಗಳೆಲ್ಲ ದೇವರಂತೆ ಕಾಣುತ್ತಾರೆ. ಸಾಮಾನ್ಯವಾಗಿ ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಧರ್ಮಗ್ರಂಥದ ಓದು, ಹೊಸ ಭಾಷೆ ಕಲಿಯಬೇಕಿದ್ದರೆ ಅದರ ಓದು, ಆಮೇಲೆ ಜನರನ್ನು ಭೇಟಿಯಾಗುವುದು. ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲೂ ಹೋಗುವಂತಿಲ್ಲ. ಆ ಜೊತೆಗಾರ ಯಾರು ಅನ್ನೋದನ್ನು ತೀರ್ಮಾನಿಸುವವರು ಬೇರೆಯವರು. ಹುಡುಗಿಯರ ಜೊತೆ ಓಡಾಟ ಇಲ್ಲ. ಬಟ್ಟೆ ಒಗೆಯೋದಕ್ಕೆ, ಸಾಮಾನು ತರೋದಕ್ಕೆ, ಮನೆಗೆ ಬರೆಯೋದಕ್ಕೆ ವಾರಕ್ಕೊಂದು ದಿನ. ಹುಡುಗರಿಗೆ ಹೀಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಇದಕ್ಕೆ ಸಂಬಳವೂ ಇಲ್ಲ!

ನನ್ನನ್ನು ಯೋಚನೆಗೆ ಹಚ್ಚಿದ್ದು ಇದ್ಯಾವುದೂ ಅಲ್ಲ, ಫೋನಿನ ನಿಯಮ. 2019ರ ಫೆಬ್ರವರಿಯವರೆಗೆ ಇವರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ. ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. ಉಳಿದಂತೆ ವಾರಕ್ಕೊಂದು ಈಮೇಲ್. ಹೆಂಡತಿ ಮಕ್ಕಳು ಸತ್ತ ಮೇಲೂ ಜೊತೆಗಿರುತ್ತಾರೆ, ಕುಟುಂಬ ಶಾಶ್ವತ ಅಂತ ಸಾರುವ ಪಂಥವಿದು. ಅದನ್ನು ಸಾರಲು ಹೋದ ಹುಡುಗನಿಗೆ ಅಮ್ಮನ ದನಿ ಕೇಳಲು ಮಾತ್ರ ಡಿಸೆಂಬರ್ ಬರಬೇಕು! ಈಗ ವಾರಕ್ಕೊಮ್ಮೆ ಮಾತಾಡಬಹುದು. ಒಳ್ಳೆಯದಾಯಿತು. ತಡವಾಯಿತು ಅನ್ನೋದು ನನ್ನ ಅಭಿಪ್ರಾಯ.

ಫೋನಿನಿಂದಲೇ ಹಬ್ಬದ ದಿನ ಎಲ್ಲ ಸರಿಹೋಗುತ್ತದೆಯೇ? ಇಲ್ಲ ಅಂತ ನಮ್ಮಂಥ ಐಟಿಯವರಿಗೆ ಚೆನ್ನಾಗಿ ಗೊತ್ತು. ನಾವೂ ಎರಡು ವರ್ಷದ ಲೆಕ್ಕದಲ್ಲಿ ಆನ್‌ಸೈಟ್ ಹೋಗುವವರೇ. ನಮಗೂ ಬ್ಯಾಡ್ಜು, ನಮಗೂ ಯಾರೋ ಗೊತ್ತು ಮಾಡಿದ ರೂಮ್‌ಮೇಟು. ಯುಗಾದಿ ದಿನ ವೀಡಿಯೋ ಕಾಲ್‌ನಲ್ಲಿ ಒಬ್ಬಟ್ಟು ನೋಡಿ ಬಾಯಲ್ಲಿ ನೀರೂರಿಸಿಕೊಂಡು ಡಬ್ಬಿ ಅನ್ನ ಉಣ್ಣುತ್ತೇವೆ. ಮೈ ಅಲ್ಲಿ, ಮನಸ್ಸು ಇಲ್ಲಿ. ಪಕ್ಕದ ಮನೆಯವರ ಹೆಸರು ಕೇಳಿದರೆ ಗೊತ್ತಿರುವುದಿಲ್ಲ. ಕೆಲಸದ ದಿನಗಳಲ್ಲಿ ಇದು ತಿಳಿಯುವುದೇ ಇಲ್ಲ, ಡೆಡ್‌ಲೈನು ನಮ್ಮನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಹಬ್ಬದ ದಿನ ಮಾತ್ರ ಗೊತ್ತಾಗುತ್ತದೆ, ಈ ಊರಲ್ಲಿ ನಮಗೆ ಎಲೆ ಹಾಕುವವರು ಯಾರೂ ಇಲ್ಲ ಅಂತ. ದೂರದಿಂದ ಬರುವ ದನಿ ಬೇಕು, ನಿಜ. ಹತ್ತಿರದಲ್ಲೊಂದು ತೆರೆದ ಬಾಗಿಲೂ ಬೇಕು. ಮೊದಲನೆಯದನ್ನು ಅವರ ಚರ್ಚು ಕೊಟ್ಟಿದೆ. ಎರಡನೆಯದನ್ನು ಕೊಡಬೇಕಾದವರು ನಾವು.

"ಅಯ್ಯೋ, ಮತಾಂತರ ಮಾಡೋಕೆ ಬಂದವರನ್ನ ಮನೆಗೆ ಕರೀಬೇಕಾ?" ಅಂತ ಕೇಳುವವರಿದ್ದಾರೆ. ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ಎಷ್ಟು ಗಲಾಟೆಯಾಯಿತು ಅಂತ ಎಲ್ಲರೂ ನೋಡಿದ್ದೇವೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ನಮ್ಮ ಶ್ರೀರಂಗಪಟ್ಟಣಕ್ಕೆ ಅಬ್ಬೆ ದ್ಯೂಬಾ ಅನ್ನೋ ಫ್ರೆಂಚ್ ಪಾದ್ರಿ ಬಂದ. ಇಲ್ಲಿಯವರ ಬಟ್ಟೆ ಉಟ್ಟ, ಇಲ್ಲಿಯವರ ಊಟ ಉಂಡ, ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದ. ಭಾರತದಲ್ಲಿ ಸುಮಾರು ಮೂವತ್ತು ವರ್ಷ ಕಳೆದು 1823ರಲ್ಲಿ ಫ್ರಾನ್ಸಿಗೆ ಮರಳಿದ. ಅದೇ ವರ್ಷ ಪ್ರಕಟವಾದ ಪುಸ್ತಕದಲ್ಲಿ ಅವನು ಬರೆದದ್ದೇನು ಗೊತ್ತೇ? ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಅಂತ! ಇನ್ನು ಕಿಟೆಲ್. 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಬಾಸೆಲ್ ಮಿಷನ್ನಿನಿಂದ ಬಂದವನು. ಅವನಿಂದ ಎಷ್ಟು ಜನ ಕ್ರೈಸ್ತರಾದರು ಅಂತ ಇವತ್ತು ಯಾರೂ ಕೇಳುವುದಿಲ್ಲ. 1894ರಲ್ಲಿ ಬಂದ, ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು ಮಾತ್ರ ಇಂದಿಗೂ ತೆರೆಯುತ್ತೇವೆ. ಜನ ಇವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದ್ದರೆ ಕಿಟೆಲ್‌ಗೆ ಅಷ್ಟು ಕನ್ನಡ ಎಲ್ಲಿಂದ ಬರುತ್ತಿತ್ತು ಹೇಳಿ?

ಅಷ್ಟು ದೂರ ಬೇಡ, ಕಿರುಗಾವಲನ್ನೇ ನೋಡಿ. ನಮ್ಮೂರಲ್ಲಿ ಮುಸ್ಲಿಮರು ಬಹಳ ಜನ ಇದ್ದಾರೆ. ನೂರಾರು ಭತ್ತದ ತಳಿ ಉಳಿಸಿ ಹೆಸರಾದ ಸೈಯದ್ ಘನಿ ಖಾನ್ ಇದೇ ಊರಿನವರು. ನಾನು ಚಿಕ್ಕವನಿದ್ದಾಗ ಸಂಕ್ರಾಂತಿಯ ಎಳ್ಳುಬೆಲ್ಲ ಅವರ ಮನೆಗಳಿಗೂ ಹೋಗುತ್ತಿತ್ತು, ರಂಜಾನಿನ ಶ್ಯಾವಿಗೆ ಪಾಯಸ ನಮ್ಮ ಮನೆಗೂ ಬರುತ್ತಿತ್ತು. ಪಾಯಸ ಕುಡಿದು ನಾವ್ಯಾರೂ ಮಸೀದಿಗೆ ಹೋಗಲಿಲ್ಲ, ಎಳ್ಳು ತಿಂದು ಅವರ್ಯಾರೂ ದೇವಸ್ಥಾನಕ್ಕೆ ಬರಲಿಲ್ಲ. ಜಗಳ ಆಗುತ್ತಿರಲಿಲ್ಲವೇ? ಆಗುತ್ತಿತ್ತು, ನೀರಿಗೆ, ಬದುವಿಗೆ. ಆದರೆ ಹಬ್ಬದ ದಿನ ಬಂದವನಿಗೆ "ಬಾ ಮಗಾ, ಉಂಡ್ಕೊಂಡ್ ಹೋಗು" ಅನ್ನುವುದಕ್ಕೆ ಯಾರೂ ಅವನ ದೇವರ ಹೆಸರು ಕೇಳುತ್ತಿರಲಿಲ್ಲ.

ಹಾಗಾಗಿ ನನಗನ್ನಿಸುವುದು ಇಷ್ಟು. ಅವರ ಧರ್ಮ ನಮಗೆ ಬೇಡ ಅನ್ನಿಸಿದರೆ ಮುಖಕ್ಕೆ ಹೇಳೋಣ, "ಬೇಡಪ್ಪ, ನಮಗೆ ನಮ್ಮದೇ ಇದೆ" ಅಂತ. ಆಮಿಷ ಒಡ್ಡಿದರೆ, ಬೆದರಿಸಿದರೆ ಪೊಲೀಸ್ ಸ್ಟೇಷನ್ ಇದೆ. ಆದರೆ ಹದಿನೆಂಟು ವರ್ಷದ ಹುಡುಗ ದೀಪಾವಳಿ ರಾತ್ರಿ ಬೀದಿ ತುಂಬಾ ದೀಪ ನೋಡುತ್ತಾ ರೂಮಿಗೆ ನಡೆದು ಹೋಗುತ್ತಿದ್ದರೆ, ಅವನನ್ನು ಒಳಗೆ ಕರೆದು ಊಟ ಹಾಕುವುದರಿಂದ ಕೆಡುವಂಥ ಧರ್ಮ ನಮ್ಮದಾಗಿದ್ದರೆ ಅದು ಎಂದೋ ಕೆಟ್ಟುಹೋಗಿರಬೇಕಿತ್ತು. ನಮ್ಮ ಹುಡುಗರಿಗೂ ಯಾವುದೋ ದೇಶದಲ್ಲಿ ಯಾರೋ ಬಾಗಿಲು ತೆಗೆಯಲಿ ಅಂತ ಆಸೆಪಡುವ ನಾವು, ನಮ್ಮ ಬಾಗಿಲಿಗೆ ಮಾತ್ರ ಬೇರೆ ನಿಯಮ ಇಟ್ಟುಕೊಳ್ಳುವುದು ಸರಿಯಲ್ಲ.

ಒಂದು ಎಚ್ಚರಿಕೆ: ಇವರು ಕಾಫಿ, ಟೀ ಎರಡೂ ಮುಟ್ಟುವುದಿಲ್ಲ, ಅದು ಅವರ ಧರ್ಮದ ನಿಯಮ. ಕಾಫಿ ಬೇಡ ಅಂದರೆ ಅವಮಾನ ಅಂದುಕೊಳ್ಳಬೇಡಿ. ಮಜ್ಜಿಗೆ ಕೊಡಿ, ಪಾನಕ ಕೊಡಿ. ಮಂಡ್ಯದ ಕಡೆಯವರಾದರೆ ಕಬ್ಬಿನ ಹಾಲು ಇದ್ದೇ ಇದೆಯಲ್ಲ!

ನೀವೇನಂತೀರಿ?