ಕಿರುಚುವ ಆ್ಯಂಟಿವೈರಸ್ಸಿಗೆ ಯಾಕೆ ಹೆದರಬೇಕು?

ಕಂಪ್ಯೂಟರ್ ಸೈನ್ಸ್ ಬಿಇ ಓದುತ್ತಿದ್ದೇನೆ ಅಂತ ಗೊತ್ತಾದರೆ ಸಾಕು, ಬೀದಿಯವರಿಗೆಲ್ಲ ನಾವು ರಿಪೇರಿಯವರು. ಪ್ರಿಂಟರ್ ಓಡದಿದ್ದರೂ ನಮ್ಮನ್ನೇ ಕರೆಯುತ್ತಾರೆ, ಮೊಬೈಲ್ ಹ್ಯಾಂಗ್ ಆದರೂ ನಮ್ಮನ್ನೇ. ಬೇಸರವೇನಿಲ್ಲ, ಕಾಫಿ ಸಿಗುತ್ತದೆ. ಆದರೆ ಈಚೆಗೆ ನನಗೆ ಬಂದ ‘ಕೇಸು’ಗಳಲ್ಲಿ ಹೆಚ್ಚಿನವು ಒಂದೇ ಥರದವು. ‘ಲ್ಯಾಪ್‌ಟಾಪಿಗೆ ವೈರಸ್ ಬಂದಿದೆಯಂತೆ, ಸ್ವಲ್ಪ ನೋಡಮ್ಮ’ ಅನ್ನುತ್ತಾರೆ. ಬಂದಿದೆ ಅಂತ ಯಾರು ಹೇಳಿದರು ಎಂದು ಕೇಳಿದರೆ ‘ಅದೇ ಹೇಳಿತು’ ಎಂಬ ಉತ್ತರ. ನನಗೆ ತಕರಾರಿರುವುದು ಈ ‘ಅದೇ’ ಬಗ್ಗೆ.

ನಮ್ಮ ಬೀದಿಯ ಕೊನೇ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಮೊಮ್ಮಗಳ ಮುಖ ದೊಡ್ಡದಾಗಿ ಕಾಣಲಿ ಅಂತ ಹೊರದೇಶದಲ್ಲಿರುವ ಮಗ ಅವರಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ದ. ಒಂದು ದಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಬಣ್ಣದ ಪೆಟ್ಟಿಗೆಯೊಂದು ಎದ್ದು ಬಂತು. ಆ್ಯಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ, ಬ್ಯಾಂಕ್ ವಿವರ ಕಳುವಾಗಬಹುದು, ಕೂಡಲೇ ನವೀಕರಿಸಿ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮುಚ್ಚಿದರೆ ಮತ್ತೊಂದು ಬಂತು. ಮೇಷ್ಟ್ರು ದುಡ್ಡು ಕಟ್ಟಲಿಲ್ಲ, ಅಷ್ಟರಮಟ್ಟಿಗೆ ಜಾಣರು. ಆದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟುಬಿಟ್ಟರು. ‘ಪಿಂಚಣಿ ಬರೋದು ಅದೇ ಖಾತೆಗಮ್ಮ, ಯಾಕೆ ಬೇಕು ಗ್ರಹಚಾರ’ ಅಂದರು. ಎರಡು ತಿಂಗಳು ಅವರು ಮೊಮ್ಮಗಳನ್ನು ಮೊಬೈಲಿನ ಪುಟ್ಟ ಪರದೆಯಲ್ಲಿ, ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು ನೋಡಿದ್ದಾರೆ. ಇಂಥ ನಷ್ಟ ಯಾವ ಪೊಲೀಸ್ ದೂರಿನಲ್ಲೂ ಬರುವುದಿಲ್ಲ.

ಅವರ ಲ್ಯಾಪ್‌ಟಾಪಿನಲ್ಲಿ ವೈರಸ್ಸೇ ಇರಲಿಲ್ಲ. ಹಳೇ ಚಿತ್ರಗೀತೆ ಹುಡುಕುವಾಗ ಯಾವುದೋ ಸೈಟು ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಅಂದಿದೆ, ಇವರು ಒತ್ತಿದ್ದಾರೆ. ಆ ಒಂದು ಒತ್ತುವಿಕೆಯಿಂದ ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಪರವಾನಗಿ ಸಿಕ್ಕಿತು. ಮುಂದೆ ಬಂದದ್ದೆಲ್ಲ ಹೆಸರಾಂತ ಕಂಪನಿಯೊಂದರ ಲಾಂಛನ ಹಚ್ಚಿಕೊಂಡ ಜಾಹೀರಾತು. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದೆ. ಅಲ್ಲಿ ಅರ್ಥವಿಲ್ಲದ ಹೆಸರಿನ ಮೂರು ಸೈಟುಗಳಿದ್ದವು, ತೆಗೆದುಹಾಕಿದೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಕೆಂಪು ಪೆಟ್ಟಿಗೆ ಮತ್ತೆ ಏಳಲಿಲ್ಲ.

ಇನ್ನೊಂದು ವೇಷವೂ ಇದೆ. ಬ್ರೌಸರ್ ಇದ್ದಕ್ಕಿದ್ದಂತೆ ಪರದೆ ತುಂಬ ಹರಡಿಕೊಂಡು ‘ಸ್ಕ್ಯಾನ್’ ಶುರುಮಾಡುತ್ತದೆ. ಹಸಿರು ಗೆರೆ ಓಡುತ್ತದೆ, ಸಿ ಡ್ರೈವಿನಲ್ಲಿ ಅಷ್ಟು ವೈರಸ್, ಡಿ ಡ್ರೈವಿನಲ್ಲಿ ಇಷ್ಟು ಅನ್ನುತ್ತದೆ, ಸೈರನ್ ಕೂಗುತ್ತದೆ, ಕೊನೆಗೊಂದು ಫೋನ್ ನಂಬರ್ ಕೊಡುತ್ತದೆ. ಇದೆಲ್ಲ ಬರೀ ಚಿತ್ರ. ಬ್ರೌಸರಿನಲ್ಲಿ ತೆರೆದ ಒಂದು ಪುಟಕ್ಕೆ ನಿಮ್ಮ ಡಿಸ್ಕಿನೊಳಗೆ ತಾನಾಗಿ ಹೊಕ್ಕು ಕಡತಗಳನ್ನು ತಪಾಸಣೆ ಮಾಡುವ ಶಕ್ತಿಯೇ ಇಲ್ಲ. ನಮ್ಮ ಲ್ಯಾಬಿನ ಉಬುಂಟು ಯಂತ್ರದಲ್ಲೂ ಇಂಥದ್ದೊಂದು ಪುಟ ತೆರೆದುಕೊಂಡು ‘ನಿಮ್ಮ ವಿಂಡೋಸ್ ಅಪಾಯದಲ್ಲಿದೆ’ ಅಂದಿತ್ತು. ಇಲ್ಲದ ವಿಂಡೋಸ್‌ಗೆ ಬಂದ ಅಪಾಯ! ಫೋನ್ ನಂಬರ್ ಕಂಡರಂತೂ ಯೋಚಿಸುವುದೇ ಬೇಡ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನೇ ನಿಲ್ಲಿಸಿದರೆ ನಾಟಕ ಮುಗಿಯಿತು. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ತೆರೆಯಲೇ’ ಎಂದು ಕೇಳಿದರೆ ಬೇಡ ಅನ್ನಬೇಕು, ಅಷ್ಟೇ.

ನಾನು ಅಂಗನವಾಡಿಗೆ ಹೋಗುತ್ತಿದ್ದ ಕಾಲದಿಂದಲೂ ಈ ದಂಧೆ ಇದೆ. ವಿನ್‌ಫಿಕ್ಸರ್, ಎಕ್ಸ್‌ಪಿ ಆ್ಯಂಟಿವೈರಸ್ ಮುಂತಾದ ಹೆಸರುಗಳಲ್ಲಿ ನಕಲಿ ಸಾಫ್ಟ್‌ವೇರ್ ಮಾರುತ್ತಿದ್ದ ಜಾಲದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಮೊಕದ್ದಮೆ ಹೂಡಿತು. ಮೋಸಹೋದವರು 10 ಲಕ್ಷಕ್ಕೂ ಹೆಚ್ಚು ಎಂದು ಅದು ಹೇಳಿತ್ತು. 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಮ್ಯಾಕ್‌ಗೆ ವೈರಸ್ಸೇ ಬರಲ್ಲ ಅಂತ ಬೀಗುತ್ತಿದ್ದವರಿಗೆ 2011ರಲ್ಲಿ ‘ಮ್ಯಾಕ್ ಡಿಫೆಂಡರ್’ ಎಂಬ ನಕಲಿ ಕಾಟ ಕೊಟ್ಟಿತು.

ನಕಲಿಯನ್ನು ನಿಜಕ್ಕೂ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಕೆಲಸ ಸ್ವಲ್ಪ ಜಾಸ್ತಿ. ಮೊದಲು ಇಂಟರ್‌ನೆಟ್ ಕಡಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು, ಆ ದಿನಾಂಕದಲ್ಲಿ ಸೇರಿಕೊಂಡ ಅಪರಿಚಿತರನ್ನು ಹೊರಹಾಕಬೇಕು. ಹೋಗಲೊಲ್ಲೆ ಎಂದು ಹಟ ಹಿಡಿದರೆ ಸೇಫ್ ಮೋಡ್‌ನಲ್ಲಿ ತೆರೆದು ಪ್ರಯತ್ನಿಸಬೇಕು. ಆಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿಸಬೇಕು. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಬಚ್ಚಿಟ್ಟುಕೊಂಡದ್ದೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಫೋನಿನಲ್ಲಿ ಮಾತಾಡಿದವನ ಮಾತು ಕೇಳಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಂಡಿದ್ದರೆ ಅದೂ ಹೋಗಬೇಕು, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಬೇಕು. ದುಡ್ಡು ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ತಕ್ಷಣ ಫೋನ್ ಮಾಡಬೇಕು. ಮರ್ಯಾದೆಗೆ ಅಂಜಿ ನಾಳೆ ಮಾಡೋಣ ಅಂದರೆ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿರುತ್ತದೆ.

ಇಷ್ಟೆಲ್ಲ ಹೇಳಿಕೊಟ್ಟರೂ ಜನ ಮತ್ತೆ ಯಾಕೆ ಬೀಳುತ್ತಾರೆ? ‘ಜನರಿಗೆ ತಿಳಿವಳಿಕೆ ಇಲ್ಲ’ ಎಂದು ನಮ್ಮ ತರಗತಿಯಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಅಸಲಿಗಳೇ ನಕಲಿಗಳ ಹಾಗೆ ವರ್ತಿಸುವಾಗ ಮೇಷ್ಟ್ರು ಏನು ನೋಡಿ ವ್ಯತ್ಯಾಸ ಹಿಡಿಯಬೇಕು? ಹೊಸ ಲ್ಯಾಪ್‌ಟಾಪ್ ಕೊಂಡರೆ ಎಷ್ಟೋ ಸಲ ಕೇಳದೆಯೇ ಒಂದು ಆ್ಯಂಟಿವೈರಸ್ಸಿನ ಟ್ರಯಲ್ ಒಳಗೆ ಕೂತಿರುತ್ತದೆ. ದಿನ ಮುಗಿಯುತ್ತಲೇ ಅದೂ ಕೆಂಪಗಾಗುತ್ತದೆ, ಅದೂ ‘ನೀವು ಅಪಾಯದಲ್ಲಿದ್ದೀರಿ’ ಅನ್ನುತ್ತದೆ, ಅದೂ ಅದೇ ಮೂಲೆಯಿಂದ ಏಳುತ್ತದೆ. ‘ಬೇಡ’ ಎಂಬ ಗುಂಡಿ ಬೂದು ಬಣ್ಣದಲ್ಲಿ ಮಂಕಾಗಿರುತ್ತದೆ. ಕಳ್ಳರು ಈ ಭಾಷೆಯನ್ನು ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ, ಎರವಲು ಪಡೆದರೆ ಸಾಕಿತ್ತು.

ಗೌರವಸ್ಥ ಅಂಗಡಿಗಳೂ ಇದರಲ್ಲಿ ಸಿಕ್ಕಿಬಿದ್ದಿವೆ. ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ ಉಚಿತ ‘ಪಿಸಿ ಹೆಲ್ತ್ ಚೆಕ್’ ಮಾಡುತ್ತಿದ್ದರು. ಮೊದಲಿಗೆ ಗ್ರಾಹಕರಿಗೆ ಕೆಲವು ಪ್ರಶ್ನೆ. ಕಂಪ್ಯೂಟರ್ ನಿಧಾನವಾಗಿದೆಯೇ ಎಂಬಂಥವು. ಯಾವುದಾದರೂ ಒಂದಕ್ಕೆ ಹೌದು ಎಂದು ಗುರುತು ಹಾಕಿದರೆ ಸಾಕು, ಸ್ಕ್ಯಾನಿನಲ್ಲಿ ಏನೇ ಇರಲಿ, ಮಾಲ್‌ವೇರ್ ಲಕ್ಷಣ ಇದೆ ಎಂಬ ವರದಿ ಬರುತ್ತಿತ್ತು. ದುಬಾರಿ ರಿಪೇರಿ ಮಾರಾಟವಾಗುತ್ತಿತ್ತು. 2019ರಲ್ಲಿ ಅದೂ, ಆ ಸಾಫ್ಟ್‌ವೇರ್ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು.

‘ಹೆದರಿಸದಿದ್ದರೆ ಯಾರು ಅಪ್‌ಡೇಟ್ ಮಾಡ್ತಾರೆ ಹೇಳು’ ಅಂತ ನನ್ನ ರೂಂಮೇಟ್ ಕೇಳುತ್ತಾಳೆ. ಮಾತಿನಲ್ಲಿ ಹುರುಳಿದೆ. ಆದರೆ ಅಪಾಯದ ಸುದ್ದಿ ಬೇರೆ, ಚಂದಾ ಮುಗಿದ ಸುದ್ದಿ ಬೇರೆ. ಎರಡಕ್ಕೂ ಒಂದೇ ಕೆಂಪು ಬಳಸುವ ಕಂಪನಿಗೆ ನಮ್ಮ ಸುರಕ್ಷತೆಗಿಂತ ನಮ್ಮ ಕಾರ್ಡಿನ ಮೇಲೇ ಕಣ್ಣು ಎನ್ನದೆ ವಿಧಿಯಿಲ್ಲ. ಬಿಲ್ಲಿನ ವಿಷಯವನ್ನು ಬಿಲ್ಲಿನ ಹಾಗೆಯೇ, ತಣ್ಣಗೆ ತಿಳಿಸಲಿ. ನಿಜವಾದ ಎಚ್ಚರಿಕೆಯನ್ನು ಕನ್ನಡದಲ್ಲೂ ಕೊಡಲಿ. ವಿಂಡೋಸ್ ಕನ್ನಡದಲ್ಲಿ ಬರುತ್ತದೆ, ಆದರೆ ನಾನು ಕಂಡ ಅಂಗಡಿಗಳಲ್ಲಿ ಯಾರೂ ಅದನ್ನು ಹಾಕಿಕೊಡುವುದಿಲ್ಲ. ಕನ್ನಡದಲ್ಲಿ ಬಂದರೆ ನಕಲಿಯೂ ಕನ್ನಡ ಕಲಿಯುವುದಿಲ್ಲವೇ ಎಂದರೆ, ‘ಅದರ ಕನ್ನಡ ನೋಡಿಯೇ ಗುರುತು ಹಿಡೀಬಹುದು ಬಿಡೇ’ ಅಂತ ನಗುತ್ತಾಳೆ ರೂಂಮೇಟ್.

ಮುಂದಿನ ತಿಂಗಳು ಚಿಕ್ಕಪ್ಪನ ಮಗ ಹೊಸ ಲ್ಯಾಪ್‌ಟಾಪ್ ತರುತ್ತಾನಂತೆ, ಅಂಗಡಿಗೆ ನಾನೂ ಹೋಗುವವಳಿದ್ದೇನೆ. ಒಳಗೆ ಟ್ರಯಲ್ ಇದ್ದರೆ ಅಲ್ಲೇ ತೆಗೆಸಿ, ಡಿಫೆಂಡರ್ ಶುರುವಾದದ್ದನ್ನು ನೋಡಿ, ಆಮೇಲೇ ದುಡ್ಡು ಕೊಡಿಸುತ್ತೇನೆ. ಅಂಗಡಿಯವರು ಗೊಣಗಿದರೆ ಗೊಣಗಲಿ.