ಹೆಸರಿಗೆ ಮಾತ್ರ ಖಲೀಫ

ಖಲೀಫ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಮೂಡುತ್ತದೆ? ತೇಪೆ ಹಾಕಿದ ಉಡುಪಿನ ಹಝ್ರತ್ ಉಮರ್(ರ)ರದ್ದೇ? ಅಥವಾ ಸಿಂಹಾಸನದಲ್ಲಿ ಕುಳಿತ ಸುಲ್ತಾನನದ್ದೇ? ಒಂದು ಹೊಣೆ, ಇನ್ನೊಂದು ಪದವಿ. ಹೊಣೆ ಹೋಗಿ ಪದವಿ ಮಾತ್ರ ಉಳಿದರೆ ಏನಾಗುತ್ತದೆ? ಉಸ್ಮಾನಿ ಸಾಮ್ರಾಜ್ಯದ ಕಥೆ ಕೇಳಿ.

1517ರಲ್ಲಿ ಸುಲ್ತಾನ್ ಒಂದನೇ ಸಲೀಮ್ ಕೈರೋ ನಗರವನ್ನು ಗೆದ್ದರು. ಅಲ್ಲಿ ಮಮ್ಲೂಕರ ಆಶ್ರಯದಲ್ಲಿ ಅಬ್ಬಾಸೀ ಖಲೀಫ ಮೂರನೇ ಮುತವಕ್ಕಿಲ್ ಇದ್ದರು. ಅವರಿಗೆ ಹೆಸರಿತ್ತು, ಅಧಿಕಾರವಿರಲಿಲ್ಲ. ಅವರನ್ನು ಇಸ್ತಾಂಬುಲ್‌ಗೆ ಕರೆದೊಯ್ಯಲಾಯಿತು. ಮುಂದೆ ಉಸ್ಮಾನಿ ಸುಲ್ತಾನರೇ ಖಲೀಫರೆನಿಸಿದರು. ಮಕ್ಕಾ, ಮದೀನಾಗಳ ಸೇವೆಯೂ ಅವರದಾಯಿತು. ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ್ ಕೂಡಾ 1786ರಲ್ಲಿ ಅವರ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದರು.

ಒಂದನೇ ಮಹಾಯುದ್ಧದ ಸೋಲಿನೊಂದಿಗೆ ಸಾಮ್ರಾಜ್ಯ ಒಡೆಯಿತು. 1922ರ ನವೆಂಬರ್‌ನಲ್ಲಿ ಅಂಕಾರಾದ ರಾಷ್ಟ್ರೀಯ ಸಭೆಯು ಸುಲ್ತಾನ ಪದವಿಯನ್ನು ರದ್ದುಪಡಿಸಿ, ಚಿತ್ರಕಲಾವಿದರಾಗಿದ್ದ ಎರಡನೇ ಅಬ್ದುಲ್ ಮಜೀದರನ್ನು ಖಲೀಫರನ್ನಾಗಿ ಆರಿಸಿತು. ಮತ್ತೆ ಅದೇ ಕಥೆ, ಹೆಸರುಂಟು, ಅಧಿಕಾರವಿಲ್ಲ. ಹದಿನಾರು ತಿಂಗಳು ತುಂಬುವ ಮೊದಲೇ, 1924ರ ಮಾರ್ಚ್ 3ರಂದು ಆ ಹೆಸರೂ ರದ್ದಾಯಿತು. ಬೆಳಗಾಗುವ ಮುನ್ನವೇ ಕುಟುಂಬವನ್ನು ದೋಲ್ಮಾಬಾಚೆ ಅರಮನೆಯಿಂದ ಹೊರಡಿಸಲಾಯಿತು. ಜೊತೆಯಲ್ಲಿ ಹತ್ತು ವರ್ಷದ ಮಗಳು ದುರ್ರುಶಹ್ವಾರ್ ಇದ್ದಳು. ಖಿಲಾಫತ್ ಉಳಿಯಲೆಂದು ಅಲಿ ಸಹೋದರರು, ಗಾಂಧೀಜಿಯವರೊಡನೆ ಚಳವಳಿ ನಡೆಸಿದ್ದ ಭಾರತದ ಮುಸ್ಲಿಮರಿಗೆ ಇದು ಬರಸಿಡಿಲಾಗಿತ್ತು.

ಫ್ರಾನ್ಸಿನ ನೀಸ್ ನಗರದಲ್ಲಿ ನೆಲೆಸಿದ ಮಾಜಿ ಖಲೀಫರಿಗೆ ಹೈದರಾಬಾದಿನ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ತಿಂಗಳಿಗೆ 300 ಪೌಂಡ್ ನೆರವು ಕಳುಹಿಸಿದರು. 1931ರಲ್ಲಿ ದುರ್ರುಶಹ್ವಾರ್ ನಿಜಾಮರ ಹಿರಿಯ ಸೊಸೆಯಾದರು. ಬೀದರ್, ಕಲಬುರ್ಗಿ, ರಾಯಚೂರುಗಳೂ ಆಗ ಆ ಸಂಸ್ಥಾನದಲ್ಲೇ ಇದ್ದವು.

1944ರಲ್ಲಿ ಅಬ್ದುಲ್ ಮಜೀದ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ತಂದೆಯನ್ನು ಹುಟ್ಟಿದ ಮಣ್ಣಿನಲ್ಲಿ ದಫನ ಮಾಡಲು ಮಗಳು ಕೇಳಿಕೊಂಡರೂ ಟರ್ಕಿ ಒಪ್ಪಲಿಲ್ಲ. ಪಾರ್ಥಿವ ಶರೀರ ಸುಮಾರು ಹತ್ತು ವರ್ಷ ಪ್ಯಾರಿಸ್‌ನ ಮಸೀದಿಯಲ್ಲಿ ಕಾಯಿತು. ಕೊನೆಗೆ 1954ರಲ್ಲಿ ಮದೀನಾದ ಮಣ್ಣು ಅವರನ್ನು ಸ್ವೀಕರಿಸಿತು.

ಮಗಳು 2006ರಲ್ಲಿ ಲಂಡನ್‌ನಲ್ಲಿ ನಿಧನರಾದರು. ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ಅವರ ಹೆಸರಿನ ಮಕ್ಕಳ ಆಸ್ಪತ್ರೆಯಿದೆ. ಜ್ವರದ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಬರುವ ತಾಯಿಗೆ ಆಕೆ ಖಲೀಫರ ಮಗಳೆಂದು ತಿಳಿದಿರಬೇಕಾಗಿಲ್ಲ.

ಮನೆಯಲ್ಲಿ, ಜಮಾಅತ್‌ನಲ್ಲಿ ಸಣ್ಣದೊಂದು ಪದವಿಗಾಗಿ ನಾವು ಎಷ್ಟು ಜಗಳವಾಡುತ್ತೇವೆ! ನಾಳೆ ಆ ಪದವಿ ಹೋದರೆ ನಮ್ಮ ಹೆಸರಿನಲ್ಲಿ ಏನು ಉಳಿದೀತು? ಒಮ್ಮೆ ಯೋಚಿಸಿ.